ನೀರಿನ ವರದಿಯಲ್ಲಿ ಪಿಎಫ್‌ಎಎಸ್ ಎಲ್ಲಿ?

ಮಾನ್ಯರೇ,

ಮೈಸೂರು ಹೆಬ್ಬಾಳದ ನಮ್ಮ ಬೋರ್‌ವೆಲ್ ನೀರಿನ ಲ್ಯಾಬ್ ವರದಿ ಬಂತು. ಟಿಡಿಎಸ್, ಫ್ಲೋರೈಡ್, ನೈಟ್ರೇಟ್, ಗಡಸುತನ ಎಲ್ಲ ಇದೆ. ನಾನ್‌ಸ್ಟಿಕ್ ಲೇಪನ, ಬೆಂಕಿ ಆರಿಸುವ ನೊರೆಗೆ ಬಳಸುವ ಪಿಎಫ್‌ಎಎಸ್ ರಾಸಾಯನಿಕಗಳ ಸುದ್ದಿಯೇ ಇಲ್ಲ. ಲ್ಯಾಬಿನವರ ತಪ್ಪಲ್ಲ ಬಿಡಿ, ನಮ್ಮ ಕುಡಿಯುವ ನೀರಿನ ಮಾನದಂಡ ಐಎಸ್ 10500:2012ರಲ್ಲೇ ಅದಕ್ಕೆ ಮಿತಿ ಇರಲಿಲ್ಲ. ಅಮೆರಿಕ 2024ರಲ್ಲಿ ಪಿಎಫ್‌ಒಎ, ಪಿಎಫ್‌ಒಎಸ್ ಎಂಬ ಎರಡು ಪಿಎಫ್‌ಎಎಸ್‌ಗಳಿಗೆ ತಲಾ ಲೀಟರಿಗೆ 4 ನ್ಯಾನೊಗ್ರಾಂ ಮಿತಿ ಹಾಕಿತು. ಕುದಿಸಿದರೂ ಇವು ಹೋಗುವುದಿಲ್ಲ.

ಇಷ್ಟು ಸಣ್ಣ ಪ್ರಮಾಣ ಅಳೆಯಲು ಮಾಸ್ ಸ್ಪೆಕ್ಟ್ರೋಮೀಟರ್ (ಅಣುಗಳ ತೂಕದಿಂದ ರಾಸಾಯನಿಕ ಗುರುತಿಸುವ ಯಂತ್ರ) ಬೇಕು. ಮಾದರಿ ಹಿಡಿಯುವ ಬಾಟಲಿಯ ಮುಚ್ಚಳದಲ್ಲಿ ಟೆಫ್ಲಾನ್ (ಇದೂ ಪಿಎಫ್‌ಎಎಸ್ ಗುಂಪಿನದೇ) ಇದ್ದರೂ ಲೆಕ್ಕ ಕೆಡಬಹುದು. ಮನೆಯವರು ಸುಮ್ನೆ ಮಾಡಿಸುವ ಟೆಸ್ಟ್ ಅಲ್ಲ ಇದು, ಖರ್ಚೂ ಜಾಸ್ತಿ. ಮಾಲಿನ್ಯ ನಿಯಂತ್ರಣ ಮಂಡಳಿಯೇ ಹೆಬ್ಬಾಳ, ಕೂರ್ಗಳ್ಳಿಯ ಕೈಗಾರಿಕಾ ಪ್ರದೇಶದ ಬೋರ್‌ವೆಲ್‌ಗಳಿಂದ ಶುರು ಮಾಡಲಿ. ಫಲಿತಾಂಶವನ್ನು ಕನ್ನಡದಲ್ಲೇ ಪ್ರಕಟಿಸಲಿ.

– ಓದುಗ, ಮೈಸೂರು