ಆ ಬೋರ್ಡಿನಿಂದ ಫ್ಲೆಕ್ಸ್ ಇಳಿಸಿ: ಹಾಸನದಿಂದ ಒಂದು ಬಹಿರಂಗ ಪತ್ರ

ಮಾನ್ಯ ಅಧಿಕಾರಿಗಳೇ,

ನಮಸ್ಕಾರ. ಇದು ನಾನು ಬರೆಯುತ್ತಿರುವ ಐದನೇ ಪತ್ರ. ಮೊದಲ ನಾಲ್ಕನ್ನು ಕಚೇರಿಗೇ ಬಂದು ಕೊಟ್ಟು, ಸೀಲು ಹಾಕಿಸಿಕೊಂಡು ಹೋಗಿದ್ದೆ. ಒಂದಕ್ಕೂ ಉತ್ತರ ಬರಲಿಲ್ಲ. ಅದಕ್ಕೇ ಇದನ್ನು ಊರಿನವರೆಲ್ಲ ಓದಲಿ ಅಂತ ಬರೆಯುತ್ತಿದ್ದೇನೆ. ನಾನು ಕೇಳುವುದು ಇಷ್ಟೇ: ಹಳೇ ಟಾಕೀಸಿನ ಬೋರ್ಡಿನಿಂದ ಫ್ಲೆಕ್ಸ್ ಇಳಿಸಿ. ಮತ್ತೆ ಯಾರೂ ಕಟ್ಟದ ಹಾಗೆ ನೋಡಿಕೊಳ್ಳಿ.

ಆ ಟಾಕೀಸು ಬಾಗಿಲು ಹಾಕಿ ಎಷ್ಟೋ ವರ್ಷವಾಯಿತು. ಒಳಗೆ ಕುರ್ಚಿ ಇಲ್ಲ, ಪರದೆ ಇಲ್ಲ. ಬಾಲ್ಕನಿ ಮೆಟ್ಟಿಲ ಸಂದಿಯಲ್ಲಿ ಅರಳಿ ಗಿಡ ಎದ್ದಿದೆ. ಮುಂದಿನ ಗೋಡೆಯಿಂದ ಫುಟ್‌ಪಾತಿನ ಮೇಲಕ್ಕೆ ಚಾಚಿಕೊಂಡಿರುವ ಕಬ್ಬಿಣದ ಚೌಕಟ್ಟು, ಅದಕ್ಕೆ ಹೊಡೆದ ತಗಡು ಮಾತ್ರ ಉಳಿದಿದೆ. ನಾನು ಹೇಳುತ್ತಿರುವ ಬೋರ್ಡು ಅದೇ. 1983ರಿಂದ 22 ವರ್ಷ ಅದರ ಮೇಲೆ ಸಿನಿಮಾ ಹೆಸರು ಬರೆದವನು ನಾನು.

ಗುರುವಾರ ರಾತ್ರಿ ಸೆಕೆಂಡ್ ಶೋ ಶುರುವಾದ ಮೇಲೆ ಏಣಿ ಹತ್ತುತ್ತಿದ್ದೆ. ಮೊದಲು ಹಳೇ ಹೆಸರಿನ ಮೇಲೆ ಕಪ್ಪು ಬಣ್ಣ ಬಳಿಯಬೇಕು. ಅದು ಒಣಗಿದ ಮೇಲೆ ದಾರಕ್ಕೆ ಸೀಮೆಸುಣ್ಣದ ಪುಡಿ ಸವರಿ, ಎರಡೂ ತುದಿ ಬಿಗಿಯಾಗಿ ಕಟ್ಟಿ, ನಡುವೆ ಮೀಟಿದರೆ ತಗಡಿನ ಮೇಲೆ ನೇರ ಗೆರೆ ಬೀಳುತ್ತದೆ. ಎರಡು ಗೆರೆಯ ನಡುವೆ ಅಕ್ಷರ. ಆದರೆ ಕನ್ನಡದ ಅಕ್ಷರ ಸುಮ್ನೆ ಗೆರೆಯೊಳಗೆ ಕೂರುವುದಿಲ್ಲ. ಗುಡಿಸು ಮೇಲಕ್ಕೆ ಹೋಗುತ್ತದೆ, ಒತ್ತಕ್ಷರ ಕೆಳಕ್ಕೆ ಇಳಿಯುತ್ತದೆ. ಅದಕ್ಕೆ ಮೊದಲೇ ಜಾಗ ಬಿಡದಿದ್ದರೆ 'ದಿನವೂ 4 ಆಟಗಳು' ಅನ್ನುವ ಸಾಲಿಗೆ ಜಾಗವೇ ಸಿಗುತ್ತಿರಲಿಲ್ಲ. ಮೂಲೆಯಲ್ಲಿ ಚಿಕ್ಕದಾಗಿ 'ಮುಂದಿನ ಬದಲಾವಣೆ' ಅಂತ ಬರೆದು, ಅದರ ಕೆಳಗೆ ಬರುವ ವಾರದ ಹೆಸರು. ಶುಕ್ರವಾರ ಬೆಳಿಗ್ಗೆ ದುದ್ದ, ಸಾಲಗಾಮೆ, ಶಾಂತಿಗ್ರಾಮದ ಬಸ್ಸುಗಳು ಬರುವಷ್ಟರಲ್ಲಿ ಎಲ್ಲ ಮುಗಿದಿರಬೇಕು. ಜನ ಬಸ್ಸಿನ ಕಿಟಕಿಯಿಂದಲೇ ಓದಿಕೊಂಡು, ಯಾವ ಆಟಕ್ಕೆ ಬರುವುದು ಅಂತ ಅಲ್ಲೇ ಮಾತಾಡಿಕೊಳ್ಳುತ್ತಿದ್ದರು. ರೀಲಿನ ಡಬ್ಬ ಬರದೇ ಹೋಗಿ, ಅಳಿಸಿದ ಹೆಸರನ್ನೇ ಬೆಳಗಿನ ಜಾವ ಮತ್ತೆ ಬರೆದದ್ದೂ ಉಂಟು.

1990ರ ಸೆಪ್ಟೆಂಬರ್ 30, ಭಾನುವಾರ. ದಾವಣಗೆರೆ ಹತ್ತಿರ ಆನಗೋಡಿನಲ್ಲಿ ಅಪಘಾತವಾಗಿ ಶಂಕರ್‌ನಾಗ್ ಹೋದರು ಅಂತ ಸುದ್ದಿ ಬಂತು. ಯಾರೂ ನಂಬಲಿಲ್ಲ. ನಿಜವೋ ಸುಳ್ಳೋ ಅಂತ ತಿಳಿಯಲು ಜನ ಟಾಕೀಸಿನ ಮುಂದೆ ಬಂದು ನಿಂತರು. ಮ್ಯಾನೇಜರು ನನಗೆ ಹೇಳಿಕಳಿಸಿದರು. ಬೋರ್ಡಿಗೆ ಪೂರ್ತಿ ಕಪ್ಪು ಬಳಿದು, ನಡುವೆ 'ಶಂಕರಣ್ಣ' ಅಂತ ಒಂದೇ ಪದ ಬರೆದೆ. ಇಳಿದು ನೋಡಿದರೆ ಏಣಿ ಹಿಡಿದುಕೊಂಡಿದ್ದ ಆಟೋ ಡ್ರೈವರ್ ಏಣಿಗೇ ಹಣೆ ಕೊಟ್ಟು ಅಳುತ್ತಿದ್ದ. ಆ ಬೋರ್ಡನ್ನು ಊರು ಅಷ್ಟು ನಂಬಿತ್ತು ಸ್ವಾಮಿ.

ಆಮೇಲೆ ಫ್ಲೆಕ್ಸ್ ಬಂತು, ನನ್ನ ಕೆಲಸ ಹೋಯಿತು. ಅದಕ್ಕೆ ನಿಮ್ಮನ್ನು ದೂರುತ್ತಿಲ್ಲ.

ಈಗ ಆ ಬೋರ್ಡಿನ ಮೇಲೆ ಏನಿದೆ? ಹುಟ್ಟುಹಬ್ಬದ ಶುಭಾಶಯ, ಸ್ವಾಗತ, ಅಭಿನಂದನೆ. ಒಂದರ ಮೇಲೆ ಒಂದು. ಹಳೆಯದನ್ನು ಬಿಚ್ಚುವುದೂ ಇಲ್ಲ, ಅದರ ಮೇಲೇ ಇನ್ನೊಂದು ಕಟ್ಟುತ್ತಾರೆ. ಹಾಸನಾಂಬೆ ಬಾಗಿಲು ತೆಗೆಯುವ ದಿನಗಳಲ್ಲಂತೂ ಹೇಳುವುದೇ ಬೇಡ. ತುಕ್ಕು ತಿಂದ ಚೌಕಟ್ಟು ಎಷ್ಟು ಭಾರ ತಡೆದೀತು?

ಕಳೆದ ಆಷಾಢದ ಗಾಳಿಗೆ ತಡೆಯಲಿಲ್ಲ. ನನ್ನ ಹೆಂಡತಿ ಆ ಬೋರ್ಡಿನ ಕೆಳಗೆ ಕೂತು ಹೂವು ಮಾರುತ್ತಾಳೆ. ಟಾಕೀಸು ನಡೆಯುತ್ತಿದ್ದಾಗಿಂದಲೂ ಅದೇ ಜಾಗ. ಮಧ್ಯಾಹ್ನ 3 ಗಂಟೆ ಹೊತ್ತಿಗೆ ಫ್ಲೆಕ್ಸ್ ಹರಿದು, ಅದರ ಮರದ ರೀಪರ್ ಮೊಳೆ ಸಮೇತ ಅವಳ ಹೆಗಲ ಮೇಲೆ ಬಿತ್ತು. 6 ಹೊಲಿಗೆ. ಮಾಲೆಯೆಲ್ಲ ರಕ್ತ. ಎರಡು ತಿಂಗಳು ಬಲಗೈ ಎತ್ತಲಾಗದೆ, ಹೂವು ಕಟ್ಟಲಾಗದೆ ಮನೆಯಲ್ಲಿ ಕೂತಳು. ಸ್ವಲ್ಪ ಪಕ್ಕಕ್ಕೆ ಬಿದ್ದಿದ್ದರೆ ತಲೆಗೇ ಬೀಳುತ್ತಿತ್ತು, ಅಲ್ವಾ? ಅವಳಿಗೆ ಹೊಲಿಗೆ ಬಿಚ್ಚುವ ಮೊದಲೇ ಅದೇ ಜಾಗದಲ್ಲಿ ಹೊಸ ಫ್ಲೆಕ್ಸ್ ಬಂತು. ಮೊದಲಿನದಕ್ಕಿಂತ ದೊಡ್ಡದು.

ಹೇಳೋಣ ಅಂತ ಕಚೇರಿಗೆ ಹೋದೆ. "ಯಾರು ಕಟ್ಟಿದ್ದು ಅಂತ ಬರೆದುಕೊಡಿ" ಅಂದರು. ಕಟ್ಟಿದವರ ಮುಖ, ಹೆಸರು, ಫೋನ್ ನಂಬರು ಎಲ್ಲ ಆ ಫ್ಲೆಕ್ಸ್ ಮೇಲೇ ಇತ್ತು. ಕಣ್ಣಿದ್ದವರಿಗೆಲ್ಲ ಕಾಣುತ್ತಿತ್ತು. ಇನ್ನೇನು ಬರೆದುಕೊಡಲಿ ನಾನು?

ಕಾನೂನು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸಾರ್ವಜನಿಕ ಜಾಗಗಳನ್ನು ಅಂದಗೆಡಿಸಬಾರದು ಅಂತ 1981ರ ಕಾಯ್ದೆ ಇದೆ. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರವೇ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್ ಬೇಡ ಅಂತ ಆದೇಶ ಹೊರಡಿಸಿದೆ. ಟಾಕೀಸು ಖಾಸಗಿಯವರದ್ದು, ನಮಗೆ ಸಂಬಂಧವಿಲ್ಲ ಅನ್ನಬೇಡಿ. ಬೋರ್ಡು ಚಾಚಿರುವುದು ಜನ ಓಡಾಡುವ ಫುಟ್‌ಪಾತಿನ ಮೇಲೆ. ಶಾಲೆ ಬಿಟ್ಟ ಮಕ್ಕಳು ಮಳೆ ಬಂದರೆ ಅದರ ಕೆಳಗೇ ನಿಲ್ಲುತ್ತಾರೆ. ದಿನಾ ನೋಡುತ್ತೇನೆ, ದಿನಾ ಎದೆ ಡವಡವ ಅನ್ನುತ್ತದೆ.

ಫ್ಲೆಕ್ಸ್ ಇಳಿಸಿ. ನನಗೆ ಪರಿಹಾರ ಬೇಡ, ಸನ್ಮಾನ ಬೇಡ. ಫ್ಲೆಕ್ಸ್ ಇಳಿಸಿ, ಅಷ್ಟೇ. ಈ ಸಲ ಹಾಸನಾಂಬೆ ಬಾಗಿಲು ತೆಗೆಯುವ ಮೊದಲೇ ಇಳಿಸಿ.

ಆಮೇಲೆ ಒಬ್ಬ ಎಂಜಿನಿಯರನ್ನು ಕಳಿಸಿ ಚೌಕಟ್ಟು ನೋಡಿಸಿ. ಗಟ್ಟಿ ಇದೆ ಅಂದರೆ ಕಪ್ಪು ಬಳಿದು ಖಾಲಿ ಬಿಡೋಣ. ಬಣ್ಣ ಬಳಿಯಲು ನಾನಿದ್ದೇನೆ, ಕೂಲಿ ಬೇಡ. ತುಕ್ಕು ಜಾಸ್ತಿಯಾಗಿದೆ, ನಿಲ್ಲುವುದಿಲ್ಲ ಅಂದರೆ ಬೋರ್ಡನ್ನೇ ಇಳಿಸಿಬಿಡಿ. ನನಗೆ ಸಂಕಟವಾಗುತ್ತದೆ, ಆದರೂ ಬೇಡ ಅನ್ನುವುದಿಲ್ಲ. ಯಾವತ್ತು ಇಳಿಸುತ್ತೀರಿ ಅಂತ ಒಂದು ಮಾತು ಮೊದಲೇ ತಿಳಿಸಿ. ಅವತ್ತು ಏಣಿ ಹಿಡಿದುಕೊಳ್ಳಲು ನಾನು ಬರುತ್ತೇನೆ.

ಇತಿ,
ಹಳೇ ಟಾಕೀಸಿನ ಬೋರ್ಡು ಬರೆಯುತ್ತಿದ್ದವನು
ಹಾಸನ