ಕುಕ್ಕರಹಳ್ಳಿ ಕೆರೆಯಿಂದ ಕ್ಯಾಪ್ಟನ್‌ಗೆ

ಪ್ರೀತಿಯ ಕ್ಯಾಪ್ಟನ್,

ನನ್ನ ಹೊಸ ದುರ್ಬೀನು ಹೇಗಿದೆ ಅಂತ ನೀನು ಕೇಳಿದ್ದೆ. ನಾನು "ಸೂಪರ್" ಅಂದು ಮಾತು ಬದಲಿಸಿದೆ. ಒಂದು ಪದದ ಉತ್ತರಕ್ಕೆ ಬಿಡುವ ಆಸಾಮಿ ನೀನಲ್ಲ, ಅದಕ್ಕೇ ಈ ಪತ್ರ. ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ, ಬೇಜಾರು ಮಾಡ್ಕೋಬೇಡ. ನಮ್ಮ ಹಳೇ ಗುಂಪಿನವರೂ ಓದಲಿ ಅನ್ನಿಸಿತು. ಮಡಿಕೇರಿ ಛತ್ರಿಯ ವಿಷಯ ಮಾತ್ರ ಇಲ್ಲಿ ಎತ್ತುವುದಿಲ್ಲ, ನೆಮ್ಮದಿಯಾಗಿರು.

ಮೊದಲು ದುರ್ಬೀನಿನ ಕಥೆ. ನಾನು ತಂದದ್ದು 8x42. ಅಂದರೆ ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ. ಹತ್ತು ಪಟ್ಟಿನದೇ ತೊಗೋ ಅಂತ ನೀನು ಹಟ ಹಿಡಿದಿದ್ದೆಯಲ್ಲ, ಅಂಗಡಿಯಲ್ಲಿ ಎರಡನ್ನೂ ಹಿಡಿದು ನೋಡಿದೆ. ಹತ್ತು ಪಟ್ಟು ಅಂದರೆ ಕೈಯ ಸಣ್ಣ ಅಲುಗಾಟವೂ ಹತ್ತು ಪಟ್ಟು. ಕಾಣುವ ಜಾಗವೂ ಕಿರಿದು. ಕೊಂಬೆಯಿಂದ ಕೊಂಬೆಗೆ ಜಿಗಿಯುವ ಹಕ್ಕಿಯನ್ನು ಹುಡುಕಲು ಎಂಟೇ ಸರಿ. ಬೆಳಗಿನ ಮಬ್ಬಿನಲ್ಲೂ ಚೆನ್ನಾಗಿ ಕಾಣುತ್ತದೆ. ದೊಡ್ಡ ನೀರುಕಾಗೆಯ ಕಣ್ಣು ಹಸಿರು ಕಣೋ! ಇಷ್ಟು ವರ್ಷ ಅದನ್ನು ಬರೀ ಕಪ್ಪು ಹಕ್ಕಿ ಅಂತ ನೋಡಿಕೊಂಡು ಬಂದಿದ್ದೆವು, ಅಲ್ವಾ.

ನಾನು ಹೋಗುವುದು ಹೆಚ್ಚಾಗಿ ಕುಕ್ಕರಹಳ್ಳಿ ಕೆರೆಗೆ. ನೀನು ಮೈಸೂರು ಬಿಟ್ಟ ಮೇಲೆ ಮರಗಳು ಇನ್ನೂ ದಟ್ಟವಾಗಿವೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆ ಅದು. ಈಗ ವಾಕಿಂಗ್‌ನವರ ರಾಜ್ಯ. ಸಕ್ಕರೆ ಕಾಯಿಲೆಯವರು, ಪಿಎಚ್‌ಡಿ ಹುಡುಗರು, ಜಗಳ ಮುಂದುವರಿಸುತ್ತಲೇ ನಡೆಯುವ ಗಂಡ ಹೆಂಡತಿ, ಎಲ್ಲರೂ ಒಂದೇ ದಾರಿಯಲ್ಲಿ. ನಡುಗಡ್ಡೆಯ ಮರಗಳ ಮೇಲೆ ಹೆಜ್ಜಾರ್ಲೆಗಳು ಕೂತಿರುತ್ತವೆ. ಅಷ್ಟು ದೊಡ್ಡ ಮೈ ಹೊತ್ತು ಅಷ್ಟು ತೆಳ್ಳಗಿನ ಕೊಂಬೆಯ ಮೇಲೆ ಹೇಗೆ ಇಳಿಯುತ್ತವೆ ಅಂತ ನೋಡುತ್ತಾ ನಿಂತರೆ ನನಗೆ ಆಫೀಸಿನ ನೆನಪೂ ಬರುವುದಿಲ್ಲ.

ಈಗ ಎರಡನೇ ಹೊಸ ವಸ್ತು. ಮಗಳು ನನ್ನ ಫೋನಿಗೆ ಮರ್ಲಿನ್ ಅನ್ನುವ ಆ್ಯಪ್ ಹಾಕಿಕೊಟ್ಟಳು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿವಿಜ್ಞಾನ ಕೇಂದ್ರದವರು ಮಾಡಿದ್ದು, ಪುಕ್ಕಟೆ. 2021ರಲ್ಲಿ ಅದಕ್ಕೆ ಸದ್ದು ಗುರುತಿಸುವ ಶಕ್ತಿ ಸೇರಿಸಿದರು. ಬಟನ್ ಒತ್ತಿ ಫೋನ್ ಹಿಡಿದು ನಿಲ್ಲಬೇಕು, ಅಷ್ಟೇ. ಸುತ್ತಲಿನ ಸದ್ದನ್ನು ಅದು ಚಿತ್ರ ಮಾಡಿ ಪರದೆಯ ಮೇಲೆ ಓಡಿಸುತ್ತದೆ. ಗಡಸು ದನಿಯಾದರೆ ಗುರುತು ಕೆಳಗೆ, ಕೀರಲು ದನಿಯಾದರೆ ಮೇಲೆ. ಆ ಚಿತ್ರ ನೋಡಿಯೇ ಯಾವ ಹಕ್ಕಿ ಅಂತ ಹೇಳುತ್ತದೆ. ಒಂದು ಸಲ ಬಂದ ಹೆಸರು ಹಾಗೇ ಉಳಿದಿರುತ್ತದೆ. ಆ ಹಕ್ಕಿ ಮತ್ತೆ ಕೂಗಿದರೆ ಹೆಸರು ಹಳದಿಯಾಗಿ ಹೊಳೆಯುತ್ತದೆ.

ಎಷ್ಟು ಖುಷಿಯಾಯಿತು ಗೊತ್ತಾ? ಕೋಗಿಲೆ ಬಂತು. ಮಡಿವಾಳ ಹಕ್ಕಿ ಬಂತು. ಪಿಕಳಾರ, ಗೊರವಂಕ, ಕಂಚುಗಾರ, ಕೆಂಬೂತ. ಕಂಚುಗಾರನ ಟುಕ್ ಟುಕ್ ಕೇಳಿಸಿದಾಗಲೆಲ್ಲ ಅದರ ಹೆಸರು ಹಳದಿ. ನನ್ನ ಕಿವಿ ಮತ್ತು ಫೋನು ಒಟ್ಟಿಗೆ ಹಾಜರಿ ಹಾಕುತ್ತಿದ್ದವು.

ಆಮೇಲೆ ಒಂದು ಹೆಸರು ಬಂತು. ಬದನಿಕೆ ಹಕ್ಕಿ. ಸುಮಾರು ಎಂಟು ಸೆಂಟಿಮೀಟರ್ ಉದ್ದದ ಪುಟಾಣಿ, ನಮ್ಮ ದೇಶದ ಅತಿ ಸಣ್ಣ ಹಕ್ಕಿಗಳಲ್ಲಿ ಒಂದು. ಮರಗಳ ಮೇಲೆ ಅಂಟಿಕೊಂಡು ಬೆಳೆಯುವ ಬದನಿಕೆ ಗಿಡದ ಹಣ್ಣು ತಿಂದು ಬೀಜವನ್ನು ಮರದಿಂದ ಮರಕ್ಕೆ ಹಚ್ಚುವುದು ಇದೇ. ಗಸಗಸೆ ಹಣ್ಣಿನ ಮರ ಕಂಡರೂ ಬಿಡುವುದಿಲ್ಲ. ನಾನೂ ಮಗಳೂ ನಿಂತಿದ್ದೂ ಅಂಥ ಒಂದು ಮರದ ಕೆಳಗೇ. ಹೆಸರು ಹಳದಿಯಾಯಿತು. ಆರಿತು. ಮತ್ತೆ ಹಳದಿ. ಪರದೆಯ ಮೇಲ್ಭಾಗದಲ್ಲಿ ಸಣ್ಣ ಸಣ್ಣ ಗೆರೆಗಳು ಒಂದರ ಹಿಂದೆ ಒಂದು ಓಡುತ್ತಿದ್ದವು. ನನಗೆ ಏನೂ ಕೇಳಿಸುತ್ತಿರಲಿಲ್ಲ.

"ಎಲ್ಲಿ?" ಅಂದೆ.

"ಅಪ್ಪಾ, ತಲೆ ಮೇಲೇ ಇದೆ. ಎಷ್ಟು ಜೋರಾಗಿ ಕೂಗ್ತಿದೆ!"

ದುರ್ಬೀನು ಎತ್ತಿದೆ. ಎಲೆಗಳ ನಡುವೆ ಸಿಕ್ಕಿತು. ಎಷ್ಟು ಚೆನ್ನಾಗಿ ಕಂಡಿತು ಅಂದರೆ ಅದರ ಕೊಕ್ಕು ತೆರೆಯುವುದು, ಮುಚ್ಚುವುದು, ಗಂಟಲು ಅದುರುವುದು, ಎಲ್ಲ ಕಂಡಿತು. ಮಗಳಿಗೆ ಕೇಳುತ್ತಿದೆ. ಫೋನಿಗೆ ಕೇಳುತ್ತಿದೆ. ನನ್ನ ಕಿವಿಗೆ ದೂರದ ಬಸ್ಸಿನ ಹಾರ್ನ್ ಕೇಳುತ್ತಿದೆ, ವಾಕಿಂಗ್‌ನವರ ಚಪ್ಪಲಿಯ ಸದ್ದು ಕೇಳುತ್ತಿದೆ. ಆ ಹಕ್ಕಿ ಮಾತ್ರ ಇಲ್ಲ.

ಕ್ಯಾಪ್ಟನ್, ದುರ್ಬೀನಿನ ಬಗ್ಗೆ ಒಂದೇ ಪದ ಹೇಳಿ ಮಾತು ಬದಲಿಸಿದ್ದು ಇದಕ್ಕೇ.

ಅಲ್ಲಿಂದ ಮುಂದೆ ಸುಮ್ನೆ ಇರಲಾಗಲಿಲ್ಲ. ಫೋನ್ ಹಿಡಿದು ನನಗೆ ಕೇಳಿಸದ ಹೆಸರುಗಳನ್ನು ಹುಡುಕತೊಡಗಿದೆ. ಸೂರಕ್ಕಿಯ ಚಿಲಿಪಿಲಿ ಅರ್ಧ ಮಾತ್ರ ಸಿಗುತ್ತದೆ. ನೀರಿನ ಮೇಲೆ ಪುಟ್ಟ ಮಿಂಚುಳ್ಳಿ ಹಾರುವಾಗ "ಚೀ" ಅಂತ ಒಂದು ತೆಳ್ಳನೆಯ ಸಿಳ್ಳು ಹಾಕುತ್ತದೆ. ಅದು ಹೋಗಿಯೇ ಬಿಟ್ಟಿದೆ. ನೀಲಿ ಗೆರೆ ಕಾಣುತ್ತದೆ, ಸಿಳ್ಳು ಇಲ್ಲ. ಅದು ಮೊದಲು ನನಗೆ ಕೇಳುತ್ತಿತ್ತು ಕಣೋ. ಕಾಲೇಜಿನಲ್ಲಿದ್ದಾಗ ನೀನೂ ನಾನೂ ಆ ಸಿಳ್ಳು ಕೇಳಿಯೇ ತಲೆ ತಿರುಗಿಸುತ್ತಿದ್ದೆವು. ಯಾವ ವರ್ಷ ನಿಂತಿತು? ಗೊತ್ತಿಲ್ಲ. ನನ್ನನ್ನು ಕಾಡುವುದು ಇದೇ. ಕಣ್ಣು ಮಂಜಾದರೆ ಮಂಜು ಕಾಣುತ್ತದೆ. ಹಲ್ಲು ಹೋದರೆ ನಾಲಿಗೆಗೆ ಗೊತ್ತಾಗುತ್ತದೆ. ಕಿವಿಯಿಂದ ಒಂದು ಸದ್ದು ಹೋದರೆ ಅಲ್ಲಿ ಏನೂ ಉಳಿಯುವುದಿಲ್ಲ. ಇಷ್ಟು ದಿನ ನಾನು, ಊರಿನಲ್ಲಿ ಹಕ್ಕಿ ಕಡಿಮೆಯಾದವು, ಎಲ್ಲ ಮೊಬೈಲ್ ಟವರು, ಕಾಂಕ್ರೀಟು ಅಂತ ನಂಬಿಕೊಂಡಿದ್ದೆ.

ಕೆರೆಯಿಂದ ಒಂದು ಹೆಜ್ಜೆ ಆಚೆ ಮಾನಸಗಂಗೋತ್ರಿಯಲ್ಲೇ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, ನಾವೆಲ್ಲ ಸ್ಪೀಚ್ ಅಂಡ್ ಹಿಯರಿಂಗ್ ಅನ್ನುವುದು. 1965ರಲ್ಲಿ ಶುರುವಾದದ್ದು. ಇಡೀ ದೇಶದಿಂದ ಜನ ಬರುತ್ತಾರೆ. ನಾನು ಜೀವನವಿಡೀ ಅದರ ಗೇಟಿನ ಮುಂದೆ ಓಡಾಡಿದವನು, ಮೊದಲ ಸಲ ಒಳಗೆ ಹೋದೆ. ಹೊರಗಿನ ಸದ್ದು ಬಾರದ ಒಂದು ಕೋಣೆಯಲ್ಲಿ ಕೂರಿಸಿದರು. ಕಿವಿಗೆ ಹೆಡ್‌ಫೋನ್, ಕೈಗೆ ಒಂದು ಬಟನ್. ಸದ್ದು ಕೇಳಿಸಿದಾಗ ಒತ್ತಬೇಕು. 250 ಹರ್ಟ್ಸ್‌ನಿಂದ 8000 ಹರ್ಟ್ಸ್‌ವರೆಗೆ, ದಪ್ಪ ಸದ್ದಿನಿಂದ ತೆಳ್ಳನೆಯ ಸದ್ದಿನವರೆಗೆ. ಮೊದಮೊದಲು ಒತ್ತುತ್ತಾ ಹೋದೆ. ಆಮೇಲೆ ತುಂಬಾ ಹೊತ್ತು ಏನೂ ಬರಲಿಲ್ಲ. ಗಾಜಿನ ಆಚೆ ಕೂತಿದ್ದ ಹುಡುಗಿಯ ಕೈ ಮಾತ್ರ ಯಂತ್ರದ ಮೇಲೆ ಆಡುತ್ತಲೇ ಇತ್ತು. ಅಂದರೆ ಸದ್ದು ಬರುತ್ತಿದೆ.

ಗ್ರಾಫು ಕೊಟ್ಟರು. ಎಡದಿಂದ ಬಲಕ್ಕೆ ಸ್ವಲ್ಪ ದೂರ ನೇರವಾಗಿ ಹೋಗಿ, ಆಮೇಲೆ ಇಳಿದು ಹೋಗುತ್ತದೆ. ಎರಡೂ ಕಿವಿಯದು ಹಾಗೇ. ವಯಸ್ಸಿನದು, ಮನೆತನದ್ದೂ ಇರಬಹುದು ಅಂದರು. ತುಂಬಾ ಸಮಾಧಾನವಾಗಿ ವಿವರಿಸಿದರು. ಒಳಕಿವಿಯಲ್ಲಿ ಶಂಖದ ಹಾಗೆ ಸುತ್ತಿಕೊಂಡ ಒಂದು ಕೊಳವೆ ಇದೆ. ಅದರಲ್ಲಿ ಸುಮಾರು 15,000 ರೋಮಕೋಶಗಳು. ತೆಳ್ಳನೆಯ ಸದ್ದು ಹಿಡಿಯುವ ಕೋಶಗಳು ಬಾಗಿಲಲ್ಲೇ ಇರುತ್ತವೆ, ಸಾಮಾನ್ಯವಾಗಿ ಮೊದಲು ಹೋಗುವುದೂ ಅವೇ. ಮನುಷ್ಯರಲ್ಲಿ ಹೋದದ್ದು ಮತ್ತೆ ಬೆಳೆಯುವುದಿಲ್ಲ.

ಮನೆಗೆ ಬಂದು ಓದುತ್ತಾ ಕೂತೆ. ಒಂದು ವಿಷಯ ಸಿಕ್ಕಿತು. ಹಕ್ಕಿಗಳಲ್ಲಿ ಆ ಕೋಶಗಳು ಮತ್ತೆ ಬೆಳೆಯುತ್ತವೆ. 1980ರ ದಶಕದಲ್ಲಿ ಕೋಳಿಮರಿಗಳಲ್ಲಿ ಇದನ್ನು ಕಂಡುಹಿಡಿದರು. ಭಾರೀ ಸದ್ದಿಗೋ ಔಷಧಿಗೋ ಕಿವಿ ಕೆಟ್ಟರೆ ಕೆಲವು ವಾರಗಳಲ್ಲಿ ಹೊಸ ಕೋಶ ಬರುತ್ತವೆ, ಹಕ್ಕಿಗೆ ಮತ್ತೆ ಕೇಳತೊಡಗುತ್ತದೆ. ಆ ಗಸಗಸೆ ಮರದ ಪುಟಾಣಿಯ ತಲೆಯಲ್ಲಿ ಆ ವಿದ್ಯೆ ಇದೆ. ಮನುಷ್ಯರ ಕಿವಿಗೂ ಅದನ್ನು ತರಲು ಆಗುತ್ತದಾ ಅಂತ ಅಂದಿನಿಂದ ವಿಜ್ಞಾನಿಗಳು ಒದ್ದಾಡುತ್ತಿದ್ದಾರೆ. ನನಗೆ ಅಸೂಯೆಯಾಗಲಿಲ್ಲ. ಖುಷಿಯೇ ಆಯಿತು. ಜಗತ್ತಿನಲ್ಲಿ ಯಾರಿಗಾದರೂ ಅದು ಸಾಧ್ಯವಾಗಿದೆಯಲ್ಲ ಅನ್ನುವ ಖುಷಿ.

ಹಕ್ಕಿಯ ವಿಷಯ ಅಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ.

ಮಾತಿನಲ್ಲಿ ಸ, ಶ, ಫ ಇವೆಲ್ಲ ತೆಳ್ಳನೆಯ ಸದ್ದುಗಳು. ಸ್ವರಗಳು ದಪ್ಪ. ಹಾಗಾಗಿ ನನಗೆ ಮಾತು ಕೇಳುತ್ತದೆ, ಅಂಚು ಮಾತ್ರ ಅಳಿಸಿರುತ್ತದೆ. ಎದುರಿನವರು ಜೋರಾಗಿ ಹೇಳಿದರೆ ಸ್ವರ ಜೋರಾಗುತ್ತದೆ, ಅಂಚು ಬರುವುದಿಲ್ಲ. ಆಫೀಸಿನಲ್ಲಿ ಕೌಂಟರಿನ ಗಾಜಿನ ಆಚೆಯಿಂದ ವಯಸ್ಸಾದವರು ಮೆಲ್ಲಗೆ ಏನೋ ಕೇಳುತ್ತಾರೆ. ನಾನು ತುಟಿ ನೋಡುತ್ತೇನೆ. ಫ್ಯಾನ್ ಹಾಕಿದ್ದರೆ ಇನ್ನೂ ಕಷ್ಟ. ಮದುವೆ ಮನೆಯಲ್ಲಿ ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ನಾನು ನಗುತ್ತಾ ತಲೆಯಾಡಿಸುತ್ತೇನೆ. ಇದು ಶುರುವಾಗಿ ಬಹಳ ಕಾಲವಾಯಿತು. ಹೆಂಡತಿಗೂ ಹೇಳಿರಲಿಲ್ಲ.

ನಮ್ಮಪ್ಪನ ಕೊನೆಯ ವರ್ಷಗಳು ನಿನಗೆ ಗೊತ್ತು. ದಸರಾದಲ್ಲಿ ಗೊಂಬೆ ಕೂರಿಸಿದಾಗ ಮನೆ ತುಂಬ ಜನ. ಯಾರೋ ಏನೋ ಹೇಳುತ್ತಿದ್ದರು, ಎಲ್ಲರೂ ನಗುತ್ತಿದ್ದರು. ಅಪ್ಪ ಒಂದು ಕ್ಷಣ ತಡವಾಗಿ ನಗುತ್ತಿದ್ದರು. "ಏನಂತೆ?" ಅಂತ ಕೇಳುತ್ತಿದ್ದರು. "ಏನಿಲ್ಲ ಬಿಡಿ" ಅಂತ ಯಾರಾದರೂ ಹೇಳುತ್ತಿದ್ದರು. ಯಾರಲ್ಲೂ ಕೆಟ್ಟ ಮನಸ್ಸಿರಲಿಲ್ಲ. ತಮಾಷೆಯನ್ನು ಎರಡನೇ ಸಲ, ಕೂಗಿ ಹೇಳಿದರೆ ಅದು ತಮಾಷೆಯಾಗಿ ಉಳಿಯುವುದಿಲ್ಲ, ಅಷ್ಟೇ ಕಾರಣ. ಆಮೇಲೆ ಅವರು ಕೇಳುವುದನ್ನೇ ಬಿಟ್ಟರು. ಬೆಳಗಿನ ರೇಡಿಯೋ ಹಾಕುವುದನ್ನು ಬಿಟ್ಟರು. ಮಾತುಗಾರ ಮನುಷ್ಯ ಅವರು, ನಿನ್ನನ್ನು ಗೇಟಿನಲ್ಲೇ ಹಿಡಿದು ಅರ್ಧ ಗಂಟೆ ನಿಲ್ಲಿಸುತ್ತಿದ್ದವರು. ಕೊನೆಗೆ ಪೇಪರ್ ಹಿಡಿದು ಕೂತಿರುತ್ತಿದ್ದರು.

ನನಗೆ ಭಯವಾಗುವುದು ಇದಕ್ಕೆ. ಮಗಳ ದನಿ ಇನ್ನೂ ಮಕ್ಕಳ ದನಿ, ಕೀರಲು. ರಾತ್ರಿ ಊಟಕ್ಕೆ ಕೂತು ಸ್ಕೂಲಿನ ಕಥೆಯನ್ನೆಲ್ಲ ವೇಗವಾಗಿ ಹೇಳುತ್ತಾಳೆ. ಅರ್ಧ ನನಗೆ ಸಿಗುತ್ತದೆ, ಉಳಿದದ್ದನ್ನು ಮುಖ ನೋಡಿ ತುಂಬಿಕೊಳ್ಳುತ್ತೇನೆ. ಮೊನ್ನೆ ಕೆರೆಯಿಂದ ಬರುವಾಗ ಏನೋ ಹೇಳಿದಳು. "ಏನಮ್ಮಾ?" ಅಂದೆ. "ಏನಿಲ್ಲಪ್ಪ" ಅಂದಳು. ಸ್ಕೂಟರು ಓಡುತ್ತಿತ್ತು, ಗಾಳಿ ಇತ್ತು, ಅದಕ್ಕೇ ಹಾಗಂದಿರಬಹುದು. ಆದರೂ ನಾನು ಪಕ್ಕಕ್ಕೆ ನಿಲ್ಲಿಸಿದೆ. ಹೆಲ್ಮೆಟ್ ತೆಗೆದು ಮತ್ತೆ ಹೇಳು ಅಂದೆ. ಅವಳಿಗೆ ಗಾಬರಿಯಾಯಿತು. ದಾರಿಯಲ್ಲಿ ಚುರುಮುರಿ ಗಾಡಿ ಕಂಡಿತ್ತಂತೆ, ಅಷ್ಟೇ. ನಾವಿಬ್ಬರೂ ಹಿಂದಕ್ಕೆ ಹೋಗಿ ಚುರುಮುರಿ ತಿಂದೆವು. ಆ ರಾತ್ರಿಯೇ ಹೆಂಡತಿಗೆ ಎಲ್ಲ ಹೇಳಿದೆ.

ಇಷ್ಟೆಲ್ಲ ಬರೆಯುತ್ತೇನೆ ಅಂತ ಕೂತಿರಲಿಲ್ಲ ಮಾರಾಯ. ದುರ್ಬೀನಿನ ಬಗ್ಗೆ ಕೇಳಿದವನಿಗೆ ಕಿವಿಯ ಪುರಾಣ ಒಪ್ಪಿಸಿದೆ. ಗುಂಪಿನವರು ಇದನ್ನು ಓದಿ ಈಗ ಒಬ್ಬೊಬ್ಬರಾಗಿ ಫೋನ್ ಮಾಡುತ್ತಾರೆ. ಮಾಡಲಿ, ಒಳ್ಳೆಯದೇ. ನಾನು ಚೆನ್ನಾಗಿದ್ದೇನೆ ಅಂತ ಈಗಲೇ ಹೇಳಿಬಿಡುತ್ತೇನೆ. ಕಿವಿಯಂತ್ರದ ಅಳತೆ ಕೊಟ್ಟು ಬಂದಾಗಿದೆ. ಸಣ್ಣದು, ಕಿವಿಯ ಹಿಂದೆ ಕೂರುತ್ತದೆ. ಫೋನಿಗೂ ಸೇರಿಸಬಹುದು. ನೀನು ಕಳಿಸುವ ಉದ್ದುದ್ದ ವಾಯ್ಸ್ ಮೆಸೇಜ್ ಇನ್ನು ಮೇಲೆ ನೇರವಾಗಿ ಕಿವಿಯೊಳಗೇ ಬರುತ್ತದೆ. ಆ ತುಮಕೂರು ರಾಗದಲ್ಲಿ ಮಾತ್ರ ಶುರು ಮಾಡಬೇಡ.

ಇನ್ನೊಂದು ಖುಷಿಯ ಸುದ್ದಿ. ಲ್ಯಾಂಗ್ ಎಲಿಯಟ್ ಅಂತ ಅಮೆರಿಕದಲ್ಲಿ ಒಬ್ಬರಿದ್ದಾರೆ. ಜೀವನವಿಡೀ ಹಕ್ಕಿಗಳ ಸದ್ದು ರೆಕಾರ್ಡ್ ಮಾಡಿದವರು. ಅವರಿಗೂ ತೆಳ್ಳನೆಯ ಸದ್ದು ಕೇಳುವುದಿಲ್ಲ. ಅವರು ಸುಮ್ನೆ ಕೂರಲಿಲ್ಲ. ಹಕ್ಕಿಯ ದನಿಯನ್ನು ಆ ಕ್ಷಣದಲ್ಲೇ ಅರ್ಧಕ್ಕೋ ಕಾಲು ಭಾಗಕ್ಕೋ ಇಳಿಸಿ ಕೇಳಿಸುವ ಉಪಕರಣ ತಯಾರಾಗಲು ಕಾರಣರಾದರು. ಈಗ ಅದೇ ಕೆಲಸಕ್ಕೆ ಐಫೋನಿನಲ್ಲಿ ಪುಕ್ಕಟೆ ಆ್ಯಪ್ ಇದೆ. ಬದನಿಕೆ ಹಕ್ಕಿ ದಪ್ಪ ದನಿಯಲ್ಲಿ ಕೂಗಿದರೆ ಹೇಗಿರುತ್ತದೋ, ನನಗಂತೂ ಕೇಳುವ ಆಸೆ. ಐಫೋನ್ ಇರುವುದು ನಿನ್ನ ಹತ್ತಿರ. ಆದ್ದರಿಂದ ನೀನು ಬರಲೇಬೇಕು.

ಬಂದರೆ ರಂಗನತಿಟ್ಟಿಗೆ ಹೋಗೋಣ. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಯದಿಂದ 1940ರಲ್ಲಿ ಪಕ್ಷಿಧಾಮವಾದ ಜಾಗ ಅದು. 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು, ಕರ್ನಾಟಕದಿಂದ ಮೊದಲನೆಯದು. ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ ಕಾಲಕ್ಕೆ ಬಾ. ಬೆಳೆದ ಕೊಕ್ಕರೆಗಳಿಗೆ ಹಾಡು ಇಲ್ಲವೇ ಇಲ್ಲ ಗೊತ್ತಾ? ಕೊಕ್ಕನ್ನು ಪಟಪಟ ಬಡಿದೇ ಮಾತಾಡುತ್ತವೆ. ಆ ಸದ್ದು ನನಗೆ ಪೂರ್ತಿ ಕೇಳುತ್ತದೆ.

ಭಾನುವಾರ ಬೇಡ, ಜನ ಜಾಸ್ತಿ. ಶ್ರೀರಂಗಪಟ್ಟಣದಲ್ಲಿ ತಿಂಡಿ ನನ್ನ ಲೆಕ್ಕ, ಬೋಟಿನ ಟಿಕೆಟ್ ನಿನ್ನದು. ಮಗಳೂ ಬರುತ್ತಾಳಂತೆ. ಮೊಸಳೆ ತೋರಿಸಬೇಕಂತೆ, ಅದೂ ನಿನ್ನ ಕೆಲಸ. ಯಾವ ದಿನ ಅಂತ ಬೇಗ ತಿಳಿಸು, ರಜೆ ಹಾಕಬೇಕು.

ನಿನ್ನವ