ಚಿತ್ರಪಟಗಳನ್ನು ಮುಟ್ಟುವ ಮುಂಚೆ

ಚಿ. ಪುಟ್ಟಿಗೆ ಸೋದರಮಾವನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ.

ನಿನ್ನ ಕಾಗದ ತಲುಪಿತು. ಕಾಲೇಜಿನ ಕಾರ್ಯಕ್ರಮಕ್ಕೆ ರಷ್ಯಾದ ಸಂಗೀತಕಾರ ಮುಸೋರ್ಗ್ಸ್ಕಿಯ 'ಪಿಕ್ಚರ್ಸ್ ಅಟ್ ಆನ್ ಎಕ್ಸಿಬಿಷನ್' (ಪ್ರದರ್ಶನದ ಚಿತ್ರಗಳು) ಎತ್ತಿಕೊಂಡು, ಪಿಯಾನೋ ಜೊತೆ ಪಿಟೀಲು, ಮೃದಂಗ ಸೇರಿಸುತ್ತಿದ್ದೀರಂತೆ. ದೊಡ್ಡವರ ಕೃತಿ ಮುಟ್ಟಬಾರದು ಅಂತ ಯಾರೋ ಗದರಿದರು, ಬಿಟ್ಟುಬಿಡಲಾ ಅಂತ ಕೇಳಿದ್ದೀಯ. ಬಿಡಬೇಡ. ಧಾರಾಳವಾಗಿ ಮುಟ್ಟು. ಆದರೆ ನಿನಗಿಂತ ಮುಂಚೆ ಮುಟ್ಟಿದವರು ಏನೇನು ಮಾಡಿದರು ಅನ್ನೋದನ್ನು ತಿಳ್ಕೊಂಡು ಮುಟ್ಟು.

ಮುಸೋರ್ಗ್ಸ್ಕಿಯ ಗೆಳೆಯ ವಿಕ್ಟರ್ ಹಾರ್ಟ್‌ಮನ್ ಚಿತ್ರಗಾರ, ಕಟ್ಟಡಗಳ ವಿನ್ಯಾಸಗಾರ. 1873ರಲ್ಲಿ ನಲವತ್ತು ತುಂಬುವ ಮೊದಲೇ ತೀರಿಹೋದ. ಮರುವರ್ಷ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅವನ ಚಿತ್ರಗಳ ಪ್ರದರ್ಶನ ನಡೆಯಿತು. ಅದನ್ನು ನೋಡಿ ಬಂದ ಮುಸೋರ್ಗ್ಸ್ಕಿ 1874ರ ಜೂನ್ ತಿಂಗಳಲ್ಲಿ ಬರೆದು ಮುಗಿಸಿದ್ದು ಈ ಕೃತಿ. ಹತ್ತು ಚಿತ್ರಗಳಿಗೆ ಹತ್ತು ತುಣುಕು, ನಡುನಡುವೆ ಒಂದು ಚಿತ್ರದಿಂದ ಇನ್ನೊಂದಕ್ಕೆ ನಡೆದುಹೋಗುವ 'ಪ್ರೊಮೆನಾಡ್'. ಬರೆದದ್ದು ಒಂದೇ ಪಿಯಾನೋಗೆ. ಅವನು ಬದುಕಿರುವಾಗ ಅದು ಅಚ್ಚೇ ಆಗಲಿಲ್ಲ.

1881ರಲ್ಲಿ ಮುಸೋರ್ಗ್ಸ್ಕಿ ತೀರಿಕೊಂಡ. 1886ರಲ್ಲಿ ಕೃತಿ ಅಚ್ಚಾಯಿತು. ಅದನ್ನು ತಿದ್ದಿ ಸಿದ್ಧಪಡಿಸಿದವನು ಅವನ ಗೆಳೆಯ, ಸಂಗೀತಕಾರ ರಿಮ್ಸ್ಕಿ-ಕೋರ್ಸಕೋವ್. ಇಬ್ಬರೂ ಒಂದು ಕಾಲಕ್ಕೆ ಒಂದೇ ರೂಮಿನಲ್ಲಿ ಇದ್ದವರು. ದ್ವೇಷದಿಂದ ತಿದ್ದಿದ್ದಲ್ಲ, ಪ್ರೀತಿಯಿಂದಲೇ ತಿದ್ದಿದ. ಗೆಳೆಯನ ಬರವಣಿಗೆ ಒರಟು, ನಾನು ನಯ ಮಾಡಿಕೊಡ್ತೀನಿ ಅನ್ನೋ ಪ್ರೀತಿ ಅದು. ಇಂಥ ಪ್ರೀತಿಯ ವಿಷಯದಲ್ಲಿ ಹುಷಾರಾಗಿರಬೇಕು, ಪುಟ್ಟಿ.

ಒಂದು ಜಾಗ ತೋರಿಸುತ್ತೇನೆ. ನಾಲ್ಕನೇ ಚಿತ್ರ 'ಬಿಡ್ಲೊ'. ಪೋಲೆಂಡಿನ ಎತ್ತಿನ ಗಾಡಿ, ದೊಡ್ಡ ಚಕ್ರಗಳು, ಎಡಗೈಯಲ್ಲಿ ಭಾರದ ಸ್ವರಗಳು. ಮುಸೋರ್ಗ್ಸ್ಕಿಯ ಹಸ್ತಪ್ರತಿಯಲ್ಲಿ ಇದು ಮೊದಲ ಸ್ವರದಿಂದಲೇ ಜೋರು. ಗಾಡಿ ದೂರದಿಂದ ಬರೋದಿಲ್ಲ, ತಟ್ಟನೆ ಮುಖದ ಮುಂದೆ ನಿಂತಿರುತ್ತದೆ. ರಿಮ್ಸ್ಕಿಯ ಪ್ರತಿಯಲ್ಲಿ ಅದೇ ಗಾಡಿ ಮೆಲ್ಲಗೆ ಶುರುವಾಗಿ, ಹತ್ತಿರ ಬರ್ತಾ ಬರ್ತಾ ಜೋರಾಗುತ್ತದೆ. ಕೇಳೋಕೆ ಇಂಪೇ. ಆದರೆ ಅದು ಬೇರೆ ಗಾಡಿ. ಪುಸ್ತಕ ಕೊಂಡು ನುಡಿಸಿದವರಿಗೆ ಇದು ಗೊತ್ತಾಗುವ ದಾರಿಯೇ ಇರಲಿಲ್ಲ. ಹಸ್ತಪ್ರತಿಗೆ ನಿಷ್ಠವಾದ ಮುದ್ರಣ ಬಂದದ್ದು 1931ರಲ್ಲಿ.

ಅಷ್ಟರಲ್ಲಿ ಫ್ರಾನ್ಸಿನ ಸಂಗೀತಕಾರ ರವೆಲ್ ತನ್ನ ಕೆಲಸ ಮುಗಿಸಿಯಾಗಿತ್ತು. 1922ರಲ್ಲಿ ಆರ್ಕೆಸ್ಟ್ರಾ ನಡೆಸುತ್ತಿದ್ದ ಕೂಸೆವಿಟ್‌ಸ್ಕಿ ಕೇಳಿಕೊಂಡಿದ್ದಕ್ಕೆ ಇಡೀ ಕೃತಿಯನ್ನು ಆರ್ಕೆಸ್ಟ್ರಾಗೆ ಹೊಂದಿಸಿಕೊಟ್ಟ. ಅವನ ಕೈಗೆ ಸಿಕ್ಕಿದ್ದೂ ರಿಮ್ಸ್ಕಿಯ ಪ್ರತಿಯೇ. ಹಾಗಾಗಿ ಅವನ ಗಾಡಿಯೂ ದೂರದಿಂದಲೇ ಬಂತು. ಜಗತ್ತಿನಲ್ಲಿ ಜಾಸ್ತಿ ಜನ ಕೇಳಿದ್ದು ಆ ಗಾಡಿಯನ್ನೇ! ಹಾಗೆ ನೋಡಿದರೆ ರವೆಲ್ ರಿಮ್ಸ್ಕಿಗಿಂತ ಹೆಚ್ಚೇ ಬದಲಾಯಿಸಿದ್ದಾನೆ. ಒಂದು ಪ್ರೊಮೆನಾಡನ್ನು ತೆಗೆದೇ ಹಾಕಿದ. ಆದರೆ ಅವನ ಮೇಲೆ ನನಗೆ ತಕರಾರಿಲ್ಲ. ಇದು ರವೆಲ್ ಹೊಂದಿಸಿದ್ದು ಅಂತ ಎಲ್ಲರಿಗೂ ಗೊತ್ತು. ಬೇಕಾದವರು ಪಿಯಾನೋಗೆ ಹಿಂದಿರುಗಬಹುದು. 1971ರಲ್ಲಿ 'ಎಮರ್ಸನ್, ಲೇಕ್ ಅಂಡ್ ಪಾಮರ್' ಅನ್ನೋ ರಾಕ್ ತಂಡದವರು ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಇದನ್ನೇ ರಾಕ್ ಮಾಡಿ, ಹಾಡಿನ ಸಾಲುಗಳನ್ನೂ ಸೇರಿಸಿ ನುಡಿಸಿದರು. 1975ರಲ್ಲಿ ಜಪಾನಿನ ಟೊಮಿಟಾ ಸಿಂಥಸೈಜರಿನಲ್ಲಿ ಮಾಡಿದ. ಅದು ನನಗೆ ಅಷ್ಟೇನೂ ಹಿಡಿಸಲಿಲ್ಲ, ಆ ಮಾತು ಬೇರೆ. ಮುಸೋರ್ಗ್ಸ್ಕಿಗೆ ಇವರಿಂದ ಒಂದು ಕೂದಲೂ ಕೊಂಕಲಿಲ್ಲ. ಸದ್ದಿಲ್ಲದೆ ತಿದ್ದಿದ್ದೇ ತೊಂದರೆ ಮಾಡಿದ್ದು.

ಅದಕ್ಕೇ ನನ್ನ ಮಾತು ಕೇಳು. ಮೊದಲು ಹಸ್ತಪ್ರತಿಯ ಪ್ರಕಾರ ಅಚ್ಚಾದ ನೊಟೇಷನ್ ತಗೊಂಡು ಪಿಯಾನೋದಲ್ಲೇ ಪೂರ್ತಿ ನುಡಿಸಿ ನೋಡು. ಪಿಯಾನೋ ವಾದಕ ರಿಕ್ಟರ್ 1958ರಲ್ಲಿ ಬಲ್ಗೇರಿಯಾದ ಸೋಫಿಯಾದಲ್ಲಿ ನುಡಿಸಿದ್ದು ಕೇಳು. ಸಭಿಕರ ಕೆಮ್ಮು ತುಂಬಿದೆ, ಅಲ್ಲಲ್ಲಿ ಬೆರಳೂ ಜಾರಿದೆ. ಆದರೂ ಅದನ್ನೇ ಕೇಳು. ಆಮೇಲೆ ಏನನ್ನು ಬದಲಾಯಿಸಬೇಕು ಅಂತ ಕೂತು ಯೋಚಿಸು. ಗಾಡಿ ಮೆಲ್ಲಗೆ ಬರಲಿ ಅನ್ನಿಸಿದರೆ ಬರಲಿ, ಆದರೆ ಅದು ನೀನು ಬೇಕಂತಲೇ ಮಾಡಿದ್ದಾಗಿರಬೇಕು. ಕಾರ್ಯಕ್ರಮದ ಹಾಳೆಯಲ್ಲಿ ಮುಸೋರ್ಗ್ಸ್ಕಿಯ ಹೆಸರಿನ ಕೆಳಗೆ ನಿಮ್ಮ ಹೆಸರುಗಳನ್ನೂ ಹಾಕಿಸಿ. ಬೈಯುವವರು ನಿಮ್ಮನ್ನೇ ಬೈಯಲಿ.

ಮೃದಂಗದ ಹುಡುಗನಿಗೆ ಒಂದು ಮಾತು ಹೇಳಿಬಿಡು. ಪ್ರೊಮೆನಾಡ್ ಶುರುವಾಗೋದು ಐದರ ಎಣಿಕೆಯಲ್ಲಿ, ಮುಂದಿನ ಸುತ್ತು ಆರು, ಮತ್ತೆ ಐದು, ಮತ್ತೆ ಆರು. ಕೈಯಲ್ಲಿ ತಾಳ ಹಾಕಿ ನೋಡಿದರೆ ಗೊತ್ತಾಗುತ್ತದೆ. ಚಿತ್ರ ನೋಡುತ್ತಾ ಅಡ್ಡಾಡುವವನ ಹೆಜ್ಜೆ ಅದು, ಒಂದೇ ಸಮ ಇರೋದಿಲ್ಲ. ಸಲೀಸಾಗಲಿ ಅಂತ ಅದನ್ನು ಆದಿತಾಳಕ್ಕೆ ಎಳೆಯೋದು ಬೇಡ. ಮೊದಲ ಸಲ ಬಂದಾಗ ಮೃದಂಗ ಸುಮ್ನೆ ಇದ್ದರೂ ಚೆಂದ.

'ಹಳೆಯ ಕೋಟೆ'ಯ ಚಿತ್ರದಲ್ಲಿ ಮಾತ್ರ ನಿಮಗೆ ಮಾಡೋಕೆ ಬೇಕಾದಷ್ಟು ಜಾಗ ಇದೆ. ಅಲ್ಲಿ ಎಡಗೈಯಲ್ಲಿ ಒಂದೇ ಸ್ವರ ಕೊನೆತನಕ ಮೊಳಗುತ್ತಾ ಇರುತ್ತದೆ, ಥೇಟ್ ನಮ್ಮ ಶ್ರುತಿ. ಅದರ ಮೇಲೆ ರಾಗ ನಡೆಯುತ್ತದೆ. ಆ ರಾಗವನ್ನು ಪಿಟೀಲಿಗೆ ಕೊಡ್ತೀವಿ ಅಂದಿದ್ದೀಯಲ್ಲ, ಯಾಕೆ? ರವೆಲ್ ಅದನ್ನು ಕೊಟ್ಟಿದ್ದು ಆಲ್ಟೊ ಸ್ಯಾಕ್ಸೋಫೋನಿಗೆ. ನೀನಿರೋದು ಮಂಗಳೂರಿನಲ್ಲಿ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾಗಿ, ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಕದ್ರಿ ಗೋಪಾಲನಾಥರ ಊರು. ಆ ಕಡೆ ಮದುವೆ, ಜಾತ್ರೆ ಅಂದರೆ ಸ್ಯಾಕ್ಸೋಫೋನ್ ಇದ್ದೇ ಇರುತ್ತದೆ. ನುಡಿಸುವವರು ಯಾರಾದರೂ ಒಪ್ಪುತ್ತಾರಾ ಅಂತ ಈ ವಾರವೇ ವಿಚಾರಿಸು. ಒಪ್ಪಿದರೆ ತಾಲೀಮಿನ ದಿನ ತಿಳಿಸು, ನಾನೂ ಬರುತ್ತೇನೆ.

ನಿನ್ನ ಮಾವ